ಬಿಷಪ್ ಇಲ್ಲದ ಸಭೆ: ಸುಂಕದಕಟ್ಟೆಯ ಕಡೆಯಿಂದ ಬ್ಯಾಪ್ಟಿಸ್ಟ್ ಚರಿತ್ರೆ

ಮಾಗಡಿ ರಸ್ತೆಯ ಸುಂಕದಕಟ್ಟೆ, ಹೇರೋಹಳ್ಳಿ, ಹೆಗ್ಗನಹಳ್ಳಿ ಸುತ್ತಿನ ಸಣ್ಣ ಸ್ವತಂತ್ರ ಕ್ರೈಸ್ತ ಸಭೆಗಳಿಗೆ ಗೋಪುರ, ಗಂಟೆ ಇರುವುದು ಕಡಿಮೆ. ಬಾಡಿಗೆ ಮಹಡಿಯಲ್ಲೋ ಶೀಟು ಹೊದಿಸಿದ ಹಾಲಿನಲ್ಲೋ ಭಾನುವಾರದ ಆರಾಧನೆ ನಡೆಯುತ್ತದೆ. ಇದಕ್ಕೆಲ್ಲ ಏನು ಚರಿತ್ರೆ ಎಂದು ದಾರಿಹೋಕರಿಗೆ ಅನ್ನಿಸಬಹುದು. ಬ್ಯಾಪ್ಟಿಸ್ಟ್ ಸಭೆಯಾದರೆ ಆ ಚರಿತ್ರೆ ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗುತ್ತದೆ, ನಡುವೆ ಕನ್ನಡದ ಅಚ್ಚುಮೊಳೆಗಳನ್ನೂ ಮುಟ್ಟುತ್ತದೆ.

ಬ್ಯಾಪ್ಟಿಸ್ಟರು ಯಾರು

1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ್ದ ಇಂಗ್ಲಿಷ್ ನಿರಾಶ್ರಿತರ ನಡುವೆ ಜಾನ್ ಸ್ಮಿತ್ ಕಟ್ಟಿದ ಸಭೆಯಿಂದ ಈ ಪಂಗಡ ಆರಂಭವಾಯಿತು. ಅವರ ಒಡನಾಡಿ ಥಾಮಸ್ ಹೆಲ್ವಿಸ್ ಕೆಲವರೊಡನೆ ಇಂಗ್ಲೆಂಡಿಗೆ ಮರಳಿ, ಲಂಡನ್ನಿನ ಅಂಚಿನಲ್ಲಿ ಸಭೆ ನಡೆಸಿದರು. ಯಾರ ನಂಬಿಕೆಯ ಮೇಲೂ ಅರಸನಿಗೆ ಅಧಿಕಾರವಿಲ್ಲ ಎಂದು ಬರೆದುದಕ್ಕೆ ಸೆರೆಮನೆ ಸೇರಿದರು.

ಮಗುವಿಗೆ ದೀಕ್ಷಾಸ್ನಾನ ಕೊಡುವುದನ್ನು ಬ್ಯಾಪ್ಟಿಸ್ಟರು ಒಪ್ಪುವುದಿಲ್ಲ. ತಿಳಿವಳಿಕೆ ಬಂದ ಮೇಲೆ, ತಾನೇ ನಂಬಿದ್ದೇನೆಂದು ಎಲ್ಲರೆದುರು ಹೇಳಿದವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಹೊಳೆ, ಕೆರೆ ಹತ್ತಿರವಿಲ್ಲದ ಕಡೆ ಅದಕ್ಕೆ ತೊಟ್ಟಿಯೇ ಗತಿ. ಪ್ರತಿ ಸ್ಥಳೀಯ ಸಭೆ ತನಗೆ ತಾನೇ ಒಡೆಯ ಎಂಬುದು ಇನ್ನೊಂದು ನಿಲುವು. ಸಭಾಪಾಲಕರನ್ನು ಕರೆಯುವುದು, ಸದಸ್ಯರನ್ನು ಸೇರಿಸಿಕೊಳ್ಳುವುದು, ಹಣದ ಲೆಕ್ಕ ಒಪ್ಪುವುದು ಎಲ್ಲವೂ ಸಭೆಯದೇ. ಮೇಲೆ ಬಿಷಪ್ ಇಲ್ಲ. ಸಭೆಗಳು ಸೇರಿ ಒಕ್ಕೂಟ ಮಾಡಿಕೊಳ್ಳುವುದುಂಟು, ಆದರೆ ಒಕ್ಕೂಟಕ್ಕೆ ಸಭೆಯ ಮೇಲೆ ಆಜ್ಞೆ ಹೊರಡಿಸುವ ಹಕ್ಕಿಲ್ಲ.

ಶ್ರೀರಾಮಪುರದ ಕನ್ನಡ

1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ ಹುಟ್ಟಿತು. ಮರುವರ್ಷವೇ ವಿಲಿಯಂ ಕೇರಿ ಬಂಗಾಳಕ್ಕೆ ಬಂದರು. ಊರಲ್ಲಿ ಚಪ್ಪಲಿ ಹೊಲಿದು ಬದುಕಿದ್ದವರು ಅವರು. ಡೇನರ ವಶದಲ್ಲಿದ್ದ ಶ್ರೀರಾಮಪುರದಲ್ಲಿ 1800ರಿಂದ ನೆಲೆಸಿ, ಜೋಶುವಾ ಮಾರ್ಶ್‌ಮನ್ ಮತ್ತು ವಿಲಿಯಂ ವಾರ್ಡ್ ಜೊತೆ ಮುದ್ರಣಾಲಯ ಕಟ್ಟಿದರು. ಕೇರಿ ಕನ್ನಡ ನಾಡಿಗೆ ಕಾಲಿಟ್ಟವರಲ್ಲ. ಆದರೂ ಹೊಸ ಒಡಂಬಡಿಕೆಯ ಕನ್ನಡ ಅನುವಾದಕ್ಕೆ ಕೈಹಾಕಿದರು.

1812ರ ಮಾರ್ಚ್ 11ರ ರಾತ್ರಿ ಆ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಹಸ್ತಪ್ರತಿಗಳು ಹೋದವು. ಸುಟ್ಟವುಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಇಡಿಯಾಗಿ ಇತ್ತು. ಬೂದಿಯಲ್ಲಿ ಅಚ್ಚಿನ ಉಕ್ಕಿನ ಪಡಿಯಚ್ಚುಗಳು ಉಳಿದಿದ್ದವು. ಕರಗಿದ ಸೀಸವನ್ನೇ ಮತ್ತೆ ಎರಕ ಹೊಯ್ದು ಕೆಲಸ ಶುರುಮಾಡಿದರು. 1817ರಲ್ಲಿ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಯಿತು. ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ಅದು ಅತಿ ಹಳೆಯವುಗಳ ಸಾಲಿನದು. 1820ರ ದಶಕದ ಆರಂಭದಲ್ಲಿ ಹೊಸ ಒಡಂಬಡಿಕೆಯೂ ಹೊರಬಂತು. ಆ ಹೊತ್ತಿಗೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿನ ಜನರ ನಡುವೆಯೇ ಇದ್ದು ಇದೇ ಕೆಲಸ ಮಾಡುತ್ತಿದ್ದರು. ಜನರ ಕೈಯಲ್ಲಿ ಉಳಿದದ್ದು ಬಳ್ಳಾರಿಯ ಪರಂಪರೆ. ಹಾಗೆಂದು ಶ್ರೀರಾಮಪುರದ ಪ್ರಯತ್ನವನ್ನು ಮರೆಯುವುದು ಸರಿಯಲ್ಲ. ಸುಟ್ಟು ಹೋದದ್ದನ್ನು ಮೊದಲ ಪುಟದಿಂದ ಮತ್ತೆ ಬರೆದ ಆ ಶ್ರಮ ಕನ್ನಡಕ್ಕಾಗಿ ನಡೆದದ್ದು.

ಬೆಂಗಳೂರಿನಲ್ಲಿ ತಡವಾಗಿ

ಬೆಂಗಳೂರಿಗೆ ಲಂಡನ್ ಮಿಷನ್ 1820ರಲ್ಲೇ ಬಂದಿತ್ತು, ವೆಸ್ಲಿಯನ್ನರೂ ಹೆಚ್ಚು ತಡಮಾಡಲಿಲ್ಲ. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಲಂಡನ್ ಮಿಷನ್ನಿನ ಕನ್ನಡ ಸಭೆಯದು. ಈ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರೊಡನೆ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದವು. ದಕ್ಷಿಣದ ಬ್ಯಾಪ್ಟಿಸ್ಟರು ಆ ಐಕ್ಯಕ್ಕೆ ಸೇರಲಿಲ್ಲ. ಶಿಶುವಿನ ದೀಕ್ಷಾಸ್ನಾನ, ಬಿಷಪ್ಪರ ಆಡಳಿತ ಎರಡೂ ಅವರ ನಂಬಿಕೆಗೆ ಹೊರಗಿನವು.

ದಕ್ಷಿಣ ಭಾರತದಲ್ಲಿ ಅಮೆರಿಕದ ಬ್ಯಾಪ್ಟಿಸ್ಟರ ಹಳೆಯ ಬಲವೆಲ್ಲ ನೆಲ್ಲೂರು, ಒಂಗೋಲು ಕಡೆಯ ತೆಲುಗು ನಾಡಿನಲ್ಲಿತ್ತು. ಬೆಂಗಳೂರಿನಲ್ಲಿ ಬ್ಯಾಪ್ಟಿಸ್ಟ್ ಎಂಬ ಹೆಸರು ಮನೆಮಾತಾದದ್ದು ಆಸ್ಪತ್ರೆಯಿಂದ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು ಹೆಬ್ಬಾಳದಲ್ಲಿ ಕಟ್ಟಿದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ತೆರೆಯಿತು. ಮರುವರ್ಷ ಬಂದ ಶಸ್ತ್ರವೈದ್ಯೆ ರೆಬೆಕಾ ನೇಯ್ಲರ್ ದಶಕಗಳ ಕಾಲ ಅಲ್ಲಿ ದುಡಿದರು. 1989ರಲ್ಲಿ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಬಂತು. ಚಿಕಿತ್ಸೆಯ ಜೊತೆಗೆ ಪ್ರಾರ್ಥನೆ, ಸಾಂತ್ವನದ ಸೇವೆಯೂ ಅಲ್ಲಿ ನಡೆದುಬಂದಿದೆ. ರಾಜ್ಯದಲ್ಲಿ ಕನ್ನಡ ಬ್ಯಾಪ್ಟಿಸ್ಟ್ ಸಭೆಗಳು ಬೆಳೆದುದರಲ್ಲಿ ಈ ಆಸ್ಪತ್ರೆಯ ಪಾಲಿದೆ.

ಬಡಾವಣೆಯ ಸಭೆ ಬೆಳೆಯುವ ಬಗೆ

ಸುಂಕದಕಟ್ಟೆ ಸುತ್ತಿನ ಬಡಾವಣೆಗಳು ಪೀಣ್ಯದ ಕಾರ್ಖಾನೆಗಳು, ಗಾರ್ಮೆಂಟ್ಸ್ ಕೆಲಸ ಅರಸಿ ಬಂದವರಿಂದ ತುಂಬಿದವು. ಸಭೆ ಶುರುವಾಗುವುದು ಸಾಮಾನ್ಯವಾಗಿ ಯಾರದೋ ಮನೆಯ ಪ್ರಾರ್ಥನಾ ಕೂಟದಿಂದ. ಜನ ಹೆಚ್ಚಿದಾಗ ಬಾಡಿಗೆ ಹಾಲು. ಆಮೇಲೆ ಸಂಡೇ ಸ್ಕೂಲ್, ಹೆಂಗಸರ ಕೂಟ, ಉಪವಾಸ ಪ್ರಾರ್ಥನೆ. ಖರ್ಚು ನಡೆಯುವುದು ಸದಸ್ಯರ ಕಾಣಿಕೆ, ದಶಮಾಂಶದಿಂದ. ಪಾಳಿ ಕೆಲಸ ಮುಗಿಸಿ, ನಿದ್ದೆ ಬಿಟ್ಟು ಆರಾಧನೆಗೆ ಬರುವವರು ಕಟ್ಟಿದ ಸಭೆ ಅದು. ಅವರ ಹೆಸರುಗಳು ಮಿಷನರಿಗಳ ಹೆಸರಿನಷ್ಟೇ ಗೌರವದಿಂದ ದಾಖಲಾಗಬೇಕು ಎಂದು ನಾನು ನಂಬಿದ್ದೇನೆ.

ಆಸ್ತಿ ಕೊಳ್ಳುವ ಹೊತ್ತಿಗೆ ಕಾಗದಪತ್ರ ಬೇಕಾಗುತ್ತದೆ. ಆಗ ಟ್ರಸ್ಟ್ ಮಾಡುತ್ತಾರೆ, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸುತ್ತಾರೆ. ಸ್ವತಂತ್ರ ಸಭೆಯ ಪಾಸ್ಟರ್ ಮದುವೆ ಮಾಡಿಸಲು 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಸರ್ಕಾರದ ಪರವಾನಗಿ ಪಡೆಯಬೇಕು.

ದಾಖಲೆ ಎಲ್ಲಿರುತ್ತದೆ

ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಹಳೆಯ ಮಿಷನ್‌ಗಳ ಕಾಗದಗಳಿವೆ. ಕೇರಿಯವರ ಕಾಲದ ಪುಸ್ತಕಗಳನ್ನು ಶ್ರೀರಾಮಪುರದ ಕಾಲೇಜು ಕಾಪಾಡಿದೆ. ಸ್ವತಂತ್ರ ಸಭೆಯ ದೀಕ್ಷಾಸ್ನಾನದ ಪುಸ್ತಕ, ಸಭಾಕೂಟದ ನಡಾವಳಿ ಮಾತ್ರ ಸಭೆಯ ಬಳಿಯೇ ಉಳಿಯುತ್ತವೆ, ಎಷ್ಟೋ ಸಲ ಪಾಸ್ಟರ ಮನೆಯ ಬೀರುವಿನಲ್ಲಿ. ಮೇಲೆ ಕೇಳುವವರಿಲ್ಲದ ವ್ಯವಸ್ಥೆಯಲ್ಲಿ ಅವುಗಳ ಇನ್ನೊಂದು ಪ್ರತಿ ಬೇರೆಲ್ಲೂ ಇರುವುದಿಲ್ಲ. ಮನೆ ಬದಲಾಯಿಸುವಾಗ ಆ ಪುಸ್ತಕ ಕಳೆದರೆ ಸಭೆಯ ಮೊದಲ ಹತ್ತು ವರ್ಷ ಕಳೆದಂತೆ. ಮೊದಲ ಸದಸ್ಯರು ಇನ್ನೂ ಬದುಕಿರುವಾಗಲೇ ಅವರನ್ನು ಕೂರಿಸಿಕೊಂಡು ಹೆಸರು, ತಾರೀಖು ಬರೆದುಕೊಳ್ಳುವುದು, ಪುಸ್ತಕಗಳ ಫೋಟೊ ತೆಗೆದಿಡುವುದು ಈಗಲೇ ಆಗಬೇಕಾದ ಕೆಲಸ.