ಮನೆಗೊಪ್ಪುವ ಬೇಲಿ: ಕಳ್ಳಿಯಿಂದ ಕಾಂಪೌಂಡಿನವರೆಗೆ

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯುವ ಬಾಗೂರು–ನವಿಲೆ ಸುರಂಗ. ಆದರೆ ನೆಲದ ಮೇಲೆ ಈ ಸೀಮೆಯ ಚಹರೆ ಎಂದರೆ ತೆಂಗಿನ ತೋಟಗಳು, ಹೆಂಚಿನ ಮನೆಗಳು ಮತ್ತು ಅವುಗಳ ನಡುವೆ ಎಳೆದ ಬೇಲಿಗಳು. ಈಗ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರ ಮುಂದೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಮನೆಯ ಮುಂದೆ ಏನು ಹಾಕಿಸಬೇಕು? ಗಿಡದ ಬೇಲಿಯೇ, ಕಲ್ಲಿನ ಚಪ್ಪಡಿಯೇ, ಮುಳ್ಳುತಂತಿಯೇ, ಸಿಮೆಂಟ್ ಇಟ್ಟಿಗೆಯ ಗೋಡೆಯೇ? ಹೆಚ್ಚಿನವರು ಪಕ್ಕದ ಮನೆಯವರು ಹಾಕಿಸಿದ್ದನ್ನೇ ಹಾಕಿಸುತ್ತಾರೆ. ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

ಬೇಲಿ ಕನ್ನಡದ ಹಳೆಯ ಮಾತು. ಕಾಯಬೇಕಾದವರೇ ಕೊಳ್ಳೆ ಹೊಡೆದಾಗ ಬೇಲಿಯೇ ಎದ್ದು ಹೊಲ ಮೇಯಿತು ಎನ್ನುವುದು ರೂಢಿ. 12ನೆಯ ಶತಮಾನದ ಬಸವಣ್ಣನವರ ವಚನವೊಂದರಲ್ಲೂ ಈ ಹೋಲಿಕೆ ಬರುತ್ತದೆ. ಗಮನಿಸಬೇಕಾದ ಸಂಗತಿ ಎಂದರೆ, ಗಾದೆಯ ಬೇಲಿ ಹೊಲದ್ದು, ಮನೆಯದಲ್ಲ.

<b>ಮುಂದೆ ಜಗಲಿ, ಹಿಂದೆ ಬೇಲಿ</b>

ಮೈದಾನ ಸೀಮೆಯ ಹಳೆಯ ಊರುಗಳಲ್ಲಿ ಮನೆಯ ಮುಂದೆ ಬೇಲಿ ಇರುತ್ತಿದ್ದುದೇ ಅಪರೂಪ. ಬೀದಿಗೆ ತಾಗಿ ಜಗಲಿ, ಜಗಲಿ ದಾಟಿದರೆ ಬಾಗಿಲು. ತೊಟ್ಟಿಮನೆಯಾದರೆ ಅಂಗಳವೇ ಮನೆಯ ಒಳಗೆ. ಗಾಳಿ, ಬೆಳಕು, ಮಳೆ ಎಲ್ಲವೂ ನಡುವಿನ ತೊಟ್ಟಿಯಿಂದ. ಒಳಗೆ ಅಂಗಳವಿದ್ದ ಮೇಲೆ ಹೊರಗೆ ಗೋಡೆ ಎತ್ತುವ ಅಗತ್ಯವಿರಲಿಲ್ಲ. ಜಗಲಿಯೇ ಮನೆಗೂ ಬೀದಿಗೂ ನಡುವಿನ ಗಡಿ. ದಾರಿಹೋಕರು ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದಿತ್ತು. ಹೊಸಿಲು ದಾಟಲು ಮಾತ್ರ ಕರೆ ಬೇಕಿತ್ತು.

ಬೇಲಿ ಇರುತ್ತಿದ್ದುದು ಹಿತ್ತಲಿಗೆ. ಸೊಪ್ಪು ತರಕಾರಿಗೆ ದನ, ಮೇಕೆ ಬಾಯಿ ಹಾಕದಂತೆ ಜಾಲಿಯ ಮುಳ್ಳು ಒತ್ತುತ್ತಿದ್ದರು, ಇಲ್ಲವೇ ಒಣಗಿದ ತೆಂಗಿನ ಗರಿ ಹೆಣೆದು ತಡಿಕೆ ಕಟ್ಟುತ್ತಿದ್ದರು. ಹೆಚ್ಚು ಕಾಲ ಬಾಳಬೇಕೆಂದರೆ ಲಕ್ಕಿ ಗಿಡ, ಕಳ್ಳಿ, ಕತ್ತಾಳೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ದನ ಅದರ ಹತ್ತಿರ ಸುಳಿಯದು. ಕತ್ತಾಳೆ ಬೇಲಿಯೂ ಹೌದು, ಹಗ್ಗಕ್ಕೆ ನಾರೂ ಹೌದು.

<b>ಸಾಗರ ದಾಟಿ ಬಂದ ಬೇಲಿ</b>

ನಮ್ಮದೇ ಎನ್ನಿಸುವ ಈ ಗಿಡಗಳಲ್ಲಿ ಹಲವು ಹೊರಗಿನವು. ಕತ್ತಾಳೆಯ ತವರು ಮೆಕ್ಸಿಕೊ. ಪಾಪಾಸುಕಳ್ಳಿಯೂ ಅಮೆರಿಕ ಖಂಡದ್ದೇ. ಈ ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ಸಿಗುತ್ತಿತ್ತು. ಆ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿ 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿತು. ಬಂದದ್ದು ಬೇರೆ ಜಾತಿಯ ಹುಳು. ಒಳ್ಳೆಯ ಬಣ್ಣ ಸಿಗಲಿಲ್ಲ. ಕಳ್ಳಿಯನ್ನು ಮಾತ್ರ ಅದು ತಿಂದು ಹಾಕಿತು. ಮುಂದೆ ದಕ್ಷಿಣ ಭಾರತದಲ್ಲಿ ಇನ್ನೊಂದು ಜಾತಿಯ ಪಾಪಾಸುಕಳ್ಳಿ ಹೊಲಗಳಿಗೆ ನುಗ್ಗಿದಾಗ, 1920ರ ದಶಕದಲ್ಲಿ ಶ್ರೀಲಂಕಾದಿಂದ ಬೇರೊಂದು ಹುಳು ತರಿಸಿ ಬಿಟ್ಟು ಅದನ್ನು ಹತೋಟಿಗೆ ತರಬೇಕಾಯಿತು.

ಲಂಟಾನದ ಕಥೆ ಇನ್ನೂ ಕಹಿ. ಅಂದದ ಹೂಗಿಡವೆಂದು 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಗಿಡ ತೋಟಗಳ ಬೇಲಿಯಾಯಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಹುಲ್ಲು ಬೆಳೆಯಬೇಕಾದ ಜಾಗವನ್ನೆಲ್ಲ ಅದು ಆಕ್ರಮಿಸಿದೆ. ಬೇಲಿಯೇ ಕಾಡನ್ನು ಮೇಯ್ದ ಉದಾಹರಣೆ ಇದು.

ಬೇಲಿ ರಾಜ್ಯವನ್ನೂ ಕಾದದ್ದುಂಟು. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಕಾವೇರಿಯ ಆಚೆಗೂ ಚಾಚಿದಂತೆ, ದಟ್ಟವಾದ ಮುಳ್ಳುಬೇಲಿಯೊಂದು ಸುತ್ತುವರಿದಿತ್ತು. 1792ರ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ದಾಳಿ ಮಾಡಿದಾಗ ಮೊದಲು ದಾಟಬೇಕಾಗಿ ಬಂದದ್ದು ಈ ಬೇಲಿಯನ್ನೇ.

<b>ಕಾಂಪೌಂಡು ಬಂದ ಬಗೆ</b>

ಮನೆಯ ಮುಂದೆ ಬೇಲಿ ಎಂಬ ಕಲ್ಪನೆ ಬೇರೂರಿದ್ದು ಬಂಗಲೆಗಳ ಕಾಲದಲ್ಲಿ. ಬ್ರಿಟಿಷ್ ಅಧಿಕಾರಿಯ ಬಂಗಲೆ ನಿವೇಶನದ ನಡುವೆ ನಿಲ್ಲುತ್ತಿತ್ತು. ಸುತ್ತ ತೋಟ, ಅದರಾಚೆ ಆವರಣ. ಈ ಆವರಣಕ್ಕೆ ಅವರು ಬಳಸಿದ ಕಾಂಪೌಂಡ್ ಎಂಬ ಪದ ಮಲಯ ಭಾಷೆಯ ‘ಕಂಪೊಂಗ್’ನಿಂದ ಬಂದುದೆಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1898ರ ಪ್ಲೇಗಿನ ತರುವಾಯ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಆರಂಭವಾಯಿತು. ಗಾಳಿ ಬೆಳಕಿಗೆಂದು ಮನೆಯ ಸುತ್ತ ಜಾಗ ಬಿಡುವ ಪದ್ಧತಿ ಬಂದಾಗ ಜಗಲಿ ಬೀದಿಯಿಂದ ಹಿಂದೆ ಸರಿಯಿತು. ಬಿಟ್ಟ ಜಾಗದ ಅಂಚಿಗೆ ಗೋಡೆ, ಗೇಟು ಬಂದವು. ನಗರದ ಈ ಮಾದರಿಯೇ ಕ್ರಮೇಣ ಹಳ್ಳಿಗೂ ಇಳಿಯಿತು.

ಇದರಿಂದ ಲಾಭವಿಲ್ಲವೆಂದಲ್ಲ. ಬೀದಿ ನಾಯಿ, ದನಗಳ ಕಾಟ ತಪ್ಪುತ್ತದೆ. ಮಕ್ಕಳು ವಾಹನಗಳಿಗೆ ಸಿಕ್ಕುವ ಭಯ ಕಡಿಮೆ. ಆದರೆ ಆಳೆತ್ತರದ ಗೋಡೆ ಎದ್ದಲ್ಲಿ ಜಗಲಿ ಕೇವಲ ಚಪ್ಪಲಿ ಬಿಡುವ ಜಾಗವಾಗುತ್ತದೆ. ಹೊಸಿಲ ಮುಂದಿನ ರಂಗೋಲಿ ಗೇಟಿನಾಚೆಗೆ ಹೋಗುತ್ತದೆ. ಒಬ್ಬರೇ ಉಳಿದ ವಯಸ್ಸಾದವರಿಗೆ ಬೀದಿಯಲ್ಲಿ ಹೋಗುವವರೊಡನೆ ಆಡುತ್ತಿದ್ದ ನಾಲ್ಕು ಮಾತೂ ತಪ್ಪುತ್ತದೆ. ಅವರು ಜಾರಿ ಬಿದ್ದರೂ ಬೀದಿಗೆ ಕಾಣುವುದಿಲ್ಲ.

<b>ಸುತ್ತಾಲಯದ ಪಾಠ</b>

ಒಳಗಿರುವುದಕ್ಕೆ ಒಪ್ಪುವ ಆವರಣ ಹೇಗಿರಬೇಕೆಂಬುದಕ್ಕೆ ಮಾದರಿ ಇದೇ ತಾಲ್ಲೂಕಿನಲ್ಲಿದೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯ 10ನೆಯ ಶತಮಾನದ ಕೊನೆಯಲ್ಲಿ ಮಾಡಿಸಿದ ಸುಮಾರು 58 ಅಡಿಯ ಗೊಮ್ಮಟನ ಸುತ್ತ, 12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದ. ಮೂರ್ತಿಯ ಪಾದದ ಬಳಿಯ ಶಾಸನವೇ ಇದನ್ನು ಹೇಳುತ್ತದೆ. ಸುತ್ತಾಲಯ ಮೂರ್ತಿಗೆ ಆವರಣವಾಯಿತೇ ಹೊರತು ಮರೆಯಾಗಲಿಲ್ಲ. ಗೊಮ್ಮಟ ಅದರ ಮೇಲಕ್ಕೆದ್ದು ದೂರಕ್ಕೂ ಕಾಣುತ್ತಾನೆ.

ಮನೆಗೂ ಇದೇ ಲೆಕ್ಕ ಸಲ್ಲುತ್ತದೆ. ಬೀದಿಗೆ ತಾಗಿದ ತೊಟ್ಟಿಮನೆಗೆ ಜಗಲಿಯೇ ಸಾಕು. ಮುಂದೆ ಅಂಗಳವಿರುವ ಹೆಂಚಿನ ಮನೆಗೆ ದಾಸವಾಳದ ಬೇಲಿ ಅಥವಾ ನೆಲದಲ್ಲಿ ನಿಲ್ಲಿಸಿದ ಕಲ್ಲು ಚಪ್ಪಡಿ ಒಪ್ಪುತ್ತದೆ. ಚಪ್ಪಡಿಗೆ ಗೆದ್ದಲಿನ ಭಯವಿಲ್ಲ, ಬಣ್ಣದ ಖರ್ಚಿಲ್ಲ. ತಾರಸಿ ಮನೆಗೆ ಸೊಂಟದೆತ್ತರದ ಗೋಡೆ, ಮೇಲೆ ಬೇಕಾದರೆ ಕಬ್ಬಿಣದ ಸರಳು. ಮುಳ್ಳುತಂತಿ ತೋಟದ ಅಂಚಿಗೆ ಸರಿ, ಮಕ್ಕಳು ಓಡಾಡುವ ಅಂಗಳಕ್ಕಲ್ಲ. ಜಗಲಿಯಲ್ಲಿ ಕೂತವರಿಗೆ ಬೀದಿ ಕಾಣಬೇಕು, ಬೀದಿಯಲ್ಲಿ ಹೋಗುವವರಿಗೆ ಜಗಲಿಯಲ್ಲಿ ಕೂತವರು ಕಾಣಬೇಕು. ಮೇಸ್ತ್ರಿಗೆ ಗೋಡೆಯ ಎತ್ತರ ಹೇಳುವ ಮುನ್ನ ಒಮ್ಮೆ ಜಗಲಿಯ ಮೇಲೆ ಕೂತು ನೋಡುವುದು ಒಳ್ಳೆಯದು.