ಮನೆಯ ಪುಸ್ತಕ: ಗಂಟಿನಿಂದ ಕಪಾಟಿಗೆ

ಬೇಸಗೆಯ ರಜೆಯಲ್ಲಿ ಕಲಬುರಗಿಯ ನಮ್ಮ ಮನೆಗೆ ಒಂದು ಪುಸ್ತಕದ ಕಪಾಟನ್ನು ಮಾಡಿಸಬೇಕೆಂದು ಬಡಿಗರನ್ನು ಕರೆಸಿದೆ. ಅವರು ಗೋಡೆಯನ್ನು ಅಳೆದರು, ಮರದ ಬೆಲೆಯನ್ನು ಹೇಳಿದರು, ಕಡೆಯಲ್ಲಿ, “ಸರ, ಇದಕ್ಕ ಕೀಲಿ ಹಚ್ಚಬೇಕೇನ್ರಿ?” ಎಂದು ಕೇಳಿದರು. ಪ್ರಶ್ನೆ ಚಿಕ್ಕದು, ಆದರೆ ಉತ್ತರವು ಥಟ್ಟನೆ ಬಾಯಿಗೆ ಬರಲಿಲ್ಲ. ನಾಳೆ ಹೇಳುವೆನೆಂದು ಅವರನ್ನು ಕಳುಹಿಸಿ ಯೋಚಿಸುತ್ತ ಕುಳಿತೆ. ಪುಸ್ತಕವನ್ನು ಎಲ್ಲಿ, ಹೇಗೆ ಇಡಬೇಕೆಂಬ ಪ್ರಶ್ನೆಗೆ ನಮ್ಮ ಈ ಸೀಮೆಯು ಸಾವಿರ ವರ್ಷಗಳಿಂದ ಒಂದೊಂದು ಕಾಲಕ್ಕೆ ಒಂದೊಂದು ಉತ್ತರವನ್ನು ಕೊಡುತ್ತ ಬಂದಿದೆ.

ಮೊದಲಿಗೆ ಓಲೆಯ ಕಾಲ. ತಾಳೆಗರಿಯ ಗ್ರಂಥವು ನಿಲ್ಲುವ ವಸ್ತುವಲ್ಲ, ಮಲಗುವ ವಸ್ತು. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯನ್ನಿಟ್ಟು ಬಿಗಿದು, ಬಟ್ಟೆಯಲ್ಲಿ ಸುತ್ತಿದರೆ ಒಂದು ‘ಕಟ್ಟು’ ಆಗುತ್ತಿತ್ತು. ಇಂಥ ಕಟ್ಟಿಗೆ ಬೇಕಾದದ್ದು ಪೆಟ್ಟಿಗೆಯೇ ಹೊರತು ಕಪಾಟಲ್ಲ. ಬೌದ್ಧರು ತಮ್ಮ ಧರ್ಮಗ್ರಂಥಗಳನ್ನು ತ್ರಿಪಿಟಕವೆಂದು, ಅಂದರೆ ಮೂರು ಬುಟ್ಟಿಗಳೆಂದು, ಕರೆದುದನ್ನು ಇಲ್ಲಿ ನೆನೆಯಬಹುದು. ಕಲಬುರಗಿಗೆ ಹತ್ತಿರದ ಮಳಖೇಡದಲ್ಲಿ, ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಅಚ್ಚಿನ ಮುಖವನ್ನು ಕಂಡದ್ದು 1898ರಲ್ಲಿ, ಕೆ. ಬಿ. ಪಾಠಕರ ಸಂಪಾದನೆಯಿಂದ. ನಡುವಿನ ಸಾವಿರಕ್ಕೂ ಮಿಕ್ಕ ವರ್ಷಗಳ ಕಾಲ ಅದನ್ನು ಬದುಕಿಸಿದವರು ಹೆಸರಿಲ್ಲದ ಲಿಪಿಕಾರರು. ಹಳೆಯ ಗರಿ ಮುರಿಯುವ ಮೊದಲೇ ಹೊಸ ಗರಿಗೆ ಇಳಿಸುತ್ತಿದ್ದರು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದೇ ಕಡೆ ಭದ್ರಪಡಿಸುವುದಕ್ಕಿಂತ ಹಲವು ಕೈಗಳಿಗೆ ಕೊಡುವುದೇ ಗ್ರಂಥರಕ್ಷಣೆಯೆಂದು ಆ ಮಹಾತಾಯಿಗೆ ತಿಳಿದಿತ್ತು.

ಇನ್ನೊಂದು ಸಂಗತಿಯಂತೂ ನಮ್ಮ ಜಿಲ್ಲೆಯದೇ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನವಿತ್ತು. ಒಂದನೆಯ ಸೋಮೇಶ್ವರನ ಆಳಿಕೆಗೆ ಸೇರಿದ 1058ರ ಅಲ್ಲಿನ ಶಾಸನದಲ್ಲಿ 200 ಮಂದಿ ವೇದದ ವಿದ್ಯಾರ್ಥಿಗಳಿಗೂ 52 ಮಂದಿ ಶಾಸ್ತ್ರದ ವಿದ್ಯಾರ್ಥಿಗಳಿಗೂ ವ್ಯವಸ್ಥೆ ಹೇಳಿದೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು! ಕಲಿಸುವವರೆಷ್ಟೋ ಪುಸ್ತಕವನ್ನು ನೋಡಿಕೊಳ್ಳುವವರೂ ಅಷ್ಟೇ. ಇಂದಿನ ಯಾವ ಶಾಲೆಯಲ್ಲಿ ಈ ಪ್ರಮಾಣವನ್ನು ಕಂಡೇವು? ಭಂಡಾರವೆಂಬುದು ಬೀಗ ಹಾಕಿದ ಕೋಣೆಯಾಗಿದ್ದರೆ ಒಬ್ಬ ಕಾವಲುಗಾರ ಸಾಕಿತ್ತು. ಆರು ಮಂದಿ ಬೇಕಾದುದು, ಗ್ರಂಥಗಳನ್ನು ಬಿಚ್ಚುವ, ಕೊಡುವ, ಮರಳಿ ಕಟ್ಟುವ ಕೆಲಸ ದಿನವೂ ನಡೆಯುತ್ತಿದ್ದುದರಿಂದಲೇ ಎಂದು ನಾನು ಊಹಿಸುತ್ತೇನೆ.

ಕಾಗದವು ಬಂದ ಮೇಲೆ ಪುಸ್ತಕದ ಆಕಾರವೇ ಬದಲಾಯಿತು. ಕಲಬುರಗಿಯಿಂದ ಕಮಲಾಪುರ, ಹುಮನಾಬಾದುಗಳನ್ನು ಹಾಯ್ದು ಹೋದರೆ ಬೀದರ ಸಿಕ್ಕುತ್ತದೆ. ಅಲ್ಲಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಗ್ರಂಥಗಳಿದ್ದುವೆಂದು ಪ್ರತೀತಿಯಿದೆ. ಕಲಬುರಗಿಯಲ್ಲೇ ಖ್ವಾಜಾ ಬಂದೇನವಾಜರ ದರ್ಗಾದಲ್ಲಿ ಅರಬ್ಬಿ, ಪಾರಸಿ, ಉರ್ದು ಗ್ರಂಥಗಳ ಭಂಡಾರವುಂಟು. ಓದುವಾಗ ಪುಸ್ತಕವನ್ನು ನೆಲಕ್ಕೆ ತಾಗಿಸದೆ ರೆಹಾಲಿನ ಮೇಲಿಡುವುದು ಅವರ ಪದ್ಧತಿ. ನಮ್ಮ ಪುರಾಣ ಹೇಳುವವರ ವ್ಯಾಸಪೀಠವೂ ಅದೇ ಆಕಾರದ್ದು. ಎರಡು ಮತಗಳ ಮರ್ಯಾದೆಯು ಒಂದೇ ಬಡಿಗನ ಕೈಯಿಂದ ಬಂದಂತೆ ಕಾಣುತ್ತದೆ.

ಶಬ್ದಗಳ ಚರಿತ್ರೆಯೂ ಸ್ವಾರಸ್ಯವಾಗಿದೆ. ‘ಕಪಾಟ’ವೆಂದರೆ ಸಂಸ್ಕೃತದಲ್ಲಿ ಬಾಗಿಲಿನ ಕದ. ಕದದ ಹೆಸರೇ ಮುಂದೆ ಕದವುಳ್ಳ ಪೆಟ್ಟಿಗೆಗೆಲ್ಲ ನಿಂತಿತು. ‘ಅಲಮಾರು’ ಪೋರ್ಚುಗೀಸರಿಂದ ಬಂದದ್ದು. ಅದರ ಮೂಲವು ಲ್ಯಾಟಿನ್ನಿನಲ್ಲಿ ಆಯುಧ ಸಲಕರಣೆಗಳನ್ನಿಡುವ ಸ್ಥಳ. ರೋಮನರು ಅದರಲ್ಲೇ ಪುಸ್ತಕಗಳನ್ನೂ ಇಡುತ್ತಿದ್ದರು. ಮಹಾನವಮಿಯಲ್ಲಿ ಆಯುಧವನ್ನೂ ಪುಸ್ತಕವನ್ನೂ ಪೂಜಿಸುವ ನಮಗೆ ಇದು ವಿಚಿತ್ರವೆನಿಸಲಾರದು.

ಆದರೆ ನಮ್ಮ ಮನೆಗಳಲ್ಲಿ ಕಪಾಟೂ ಇರಲಿಲ್ಲ, ಅಲಮಾರೂ ಇರಲಿಲ್ಲ. ಮಣ್ಣು ಕಲ್ಲುಗಳ ದಪ್ಪ ಗೋಡೆಯಲ್ಲಿ ದೀಪಕ್ಕೊಂದು ಮಾಡವಿರುತ್ತಿತ್ತು; ಅದಕ್ಕೂ ಎತ್ತರದಲ್ಲಿ ಒಂದು ನಾಗಂದಿಗೆ. ಕೈಗೆ ಎಟುಕಬಾರದ್ದೆಲ್ಲ ಆ ಹಲಗೆಯ ಮೇಲೆ. ಕೆಂಬಾಳೆಗೆ ಹೆಸರಾದ ಕಮಲಾಪುರದಲ್ಲಿದ್ದ ನಮ್ಮ ಹಿರಿಯರ ಮಾಳಿಗೆಯ ಮನೆಯಲ್ಲಿ, ದೇವರ ಕೋಣೆಯ ನಾಗಂದಿಗೆಯ ಮೇಲೆ, ಕೆಂಪು ಬಟ್ಟೆಯ ಒಂದು ಗಂಟಿತ್ತು. ವರ್ಷಕ್ಕೊಮ್ಮೆ ಮಹಾನವಮಿಯಲ್ಲಿ ಅದನ್ನಿಳಿಸಿ, ಕುಂಕುಮ ಹಚ್ಚಿ, ಹಾಗೆಯೇ ಮೇಲಿಡುತ್ತಿದ್ದರು. ಬಾಲ್ಯದಲ್ಲಿ ನಾನೊಮ್ಮೆ ಕೈಚಾಚಿದಾಗ ಅಜ್ಜಿ, “ಮುಟ್ಟಬ್ಯಾಡ ತಮ್ಮಾ, ಅದು ದೇವರು” ಎಂದದ್ದು ನೆನಪಿದೆ. ಮುಂದೆ ನಾನು ಪಂಡಿತ ಪರೀಕ್ಷೆಗೆ ಓದಿದೆ. ಹಳೆಯ ಅಕ್ಷರಗಳನ್ನು ಕೂಡಿಸಿ ಓದಲು ಕಲಿತೆ. ರಜೆಗೆ ಊರಿಗೆ ಹೋಗಿಬರುತ್ತಲೂ ಇದ್ದೆ. ಆದರೂ ಗಂಟನ್ನು ಬಿಚ್ಚೋಣವೆಂದು ಕೇಳಲಿಲ್ಲ. ಇದ್ದೇ ಇರುತ್ತದೆಯಲ್ಲ ಎಂಬ ಭಾವನೆ. ಕಡೆಗೆ ಮಾಳಿಗೆ ಸೋರಿ ಮನೆಯನ್ನು ಬಿಚ್ಚಬೇಕಾಗಿ ಬಂದಾಗ ಗಂಟು ಕೆಳಗಿಳಿಯಿತು. ಬಟ್ಟೆಯನ್ನು ಸರಿಸಿದರೆ ಎರಡು ಹಲಗೆಗಳ ನಡುವೆ ಬರಿಯ ಮಣ್ಣು! ಒರಲೆಯು ಗೋಡೆಯೊಳಗಿಂದಲೇ ದಾರಿ ಮಾಡಿಕೊಂಡಿತ್ತು. ಅಂಗೈಯಗಲದ ಮೂರು ನಾಲ್ಕು ತುಂಡುಗಳು ಉಳಿದಿದ್ದುವು. ಅದು ಯಾವ ಕೃತಿಯೆಂಬುದು ನನಗೆ ಇಂದಿಗೂ ತಿಳಿಯದು. ಅದು ಬೇರೆಲ್ಲೂ ಇಲ್ಲದ ಕೃತಿಯಾಗಿತ್ತೋ ಏನೋ ಎಂಬ ಯೋಚನೆಯು ಬಂದಾಗ ಈಗಲೂ ನಿದ್ರೆ ದೂರವಾಗುತ್ತದೆ.

ಅದೇ ಮನೆಯಲ್ಲಿ ಅಜ್ಜನ ತಗಡಿನ ಟ್ರಂಕೂ ಇತ್ತು. ಅದರಲ್ಲಿ ಜೈಮಿನಿ ಭಾರತ, ಬಸವಪುರಾಣ, ಕೆಲವು ಪಂಚಾಂಗಗಳು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು. ಮೇಲಿನ ತರಗತಿಗಳ ವಿದ್ಯೆಯೆಲ್ಲ ಉರ್ದುವಿನಲ್ಲಿ. ಅಜ್ಜನು ಉರ್ದುವನ್ನು ಶಾಲೆಯಲ್ಲಿಯೂ ಕನ್ನಡವನ್ನು ಈ ಟ್ರಂಕಿನಿಂದಲೂ ಕಲಿತವನು. ಟ್ರಂಕನ್ನು ಪ್ರತಿ ಸಂಜೆ ತೆರೆಯುತ್ತಿದ್ದರು. ಓಣಿಯ ನಾಲ್ಕು ಮಂದಿ ಕೂಡಿ ಓದಿಸಿ ಕೇಳುತ್ತಿದ್ದರು. ಪುಟಗಳ ಅಂಚು ಎಣ್ಣೆಗೈಯಿಂದ ಕಪ್ಪಾಗಿದೆ, ಹೊಲಿಗೆ ಸಡಿಲಿದೆ. ಆದರೆ ಪುಸ್ತಕಗಳು ಉಳಿದಿವೆ; ಈಗ ನನ್ನ ಬಳಿಯಲ್ಲಿವೆ. ಪೂಜೆಗೊಂಡದ್ದು ಮಣ್ಣಾಯಿತು, ಕೈಬಳಕೆಯಲ್ಲಿದ್ದದ್ದು ಬದುಕಿತು.

ಫ. ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ವಚನದ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಮಾಡಿಸಿದ್ದನ್ನು ಎಲ್ಲರೂ ಬಲ್ಲರು. ಅವರು ತಡಮಾಡಿದ್ದರೆ ಅವುಗಳಲ್ಲಿ ಎಷ್ಟು ಕಟ್ಟುಗಳು ನಮ್ಮ ಗಂಟಿನ ದಾರಿಯನ್ನು ಹಿಡಿಯುತ್ತಿದ್ದುವೋ! ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗಾಗಿ ಎಂಬುದು. ಐರೋಪ್ಯ ಗ್ರಂಥಾಲಯಗಳಲ್ಲಿ ಹಿಂದೆ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರು. ಅಲ್ಲಿ ಸರಪಳಿ, ಇಲ್ಲಿ ನಾಗಂದಿಗೆ, ಭಯವು ಒಂದೇ.

ಇಷ್ಟು ಚರಿತ್ರೆಯು ಕಪಾಟು ಮಾಡಿಸುವವನಿಗೆ ಏನು ಹೇಳುತ್ತದೆ? ಕುಳಿತವನ ಮತ್ತು ನಿಂತವನ ಕೈಗೆ ಎಟುಕುವಷ್ಟೇ ಎತ್ತರವಿರಲಿ; ಏಣಿ ಬೇಕಾಗುವ ಅಂಕಣವು ಹೊಸ ನಾಗಂದಿಗೆಯೇ ಸರಿ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಕ್ರೌನ್ ಅಥವಾ ಡೆಮಿ 1/8 ಆಕಾರದವು. ಎತ್ತರ ಏಳರಿಂದ ಎಂಟೂವರೆ ಅಂಗುಲ. ಅಂಕಣಕ್ಕೆ 10 ಅಂಗುಲ ಎತ್ತರ, 10 ಅಂಗುಲ ಆಳ ಸಾಕು. ಆಳ ಹೆಚ್ಚಾದರೆ ಎರಡು ಸಾಲು ಇಡುತ್ತೇವೆ, ಹಿಂದಿನ ಸಾಲನ್ನು ಮರೆಯುತ್ತೇವೆ. ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟಗಳಂಥ ಭಾರದವುಗಳಿಗೆ ಕೆಳಗಿನ ಅಂಕಣವನ್ನು ದೊಡ್ಡದು ಮಾಡಿಸಬೇಕು. ಮೂರಡಿಯ ಒಂದು ಸಾಲು ತುಂಬಿದರೆ 25ರಿಂದ 30 ಕಿಲೋ ತೂಗುತ್ತದೆ. ಆದುದರಿಂದ ಮುಕ್ಕಾಲು ಅಂಗುಲದ ಹಲಗೆಯನ್ನು ಮೂರಡಿಗಿಂತ ಉದ್ದ ಬಿಡಬಾರದು, ಬಾಗುತ್ತದೆ. ಸಾಗವಾನಿ ಉತ್ತಮ, ಬೆಲೆ ಹೆಚ್ಚೆನಿಸಿದರೆ ಬೇವು ಆಗಬಹುದು. ಗೋಡೆಯಲ್ಲೇ ಅಂಕಣ ಮಾಡಿಸುವವರಿಗೆ ನಮ್ಮ ಶಹಾಬಾದಿನ ಪರಸಿ ಅಗ್ಗವಾಗಿ ದೊರೆಯುತ್ತದೆ. ಕಲ್ಲನ್ನು ಒರಲೆ ತಿನ್ನಲಾರದು. ಆದರೆ ಗೋಡೆಯೊಳಗಿಂದ ಬಂದು ಪುಸ್ತಕವನ್ನು ತಿನ್ನಬಲ್ಲದು ಎಂಬುದನ್ನು ನಾನು ಕಣ್ಣಾರೆ ಕಂಡವನು. ಮರದ ಕಪಾಟಾದರೆ ಗೋಡೆಯಿಂದ ಎರಡು ಮೂರು ಅಂಗುಲ, ನೆಲದಿಂದ ಆರು ಅಂಗುಲ ಬಿಟ್ಟಿರಲಿ. ಪಡುವಣ ಬಿಸಿಲು ಬೀಳುವ ಗೋಡೆ ಬೇಡ. ಕಲಬುರಗಿಯ ಬೇಸಗೆಯು ಕಾಗದವನ್ನು ಹಪ್ಪಳ ಮಾಡೀತು. ಡಾಂಬರು ಗುಳಿಗೆಯೋ ಬಜೆಯ ಬೇರೋ ಇಡಬಹುದು. ಎಲ್ಲಕ್ಕಿಂತ ಮಿಗಿಲಾದ ಔಷಧವೆಂದರೆ ತಿಂಗಳಿಗೊಮ್ಮೆ ಪ್ರತಿಯೊಂದು ಪುಸ್ತಕವನ್ನೂ ಹೊರತೆಗೆದು ಬಿಚ್ಚಿ ನೋಡುವುದು.

ಮರುದಿನ ಬಡಿಗರು ಬಂದರು. ಧೂಳಿಗೆಂದು ಗಾಜಿನ ಕದ ಇರಲಿ, ಕೀಲಿ ಬೇಡವೆಂದು ಹೇಳಿದೆ. “ಹುಡುಗ್ರು ಹರಿತಾವಲ್ರಿ ಸರ” ಎಂದರು. ಹರಿದರೆ ಅಂಟಿಸೋಣ ಎಂದೆ. ಕಪಾಟು ಈಗ ಪಡಸಾಲೆಯಲ್ಲಿ ನಿಂತಿದೆ. ಅಜ್ಜನ ಜೈಮಿನಿ ಭಾರತವು ನಡುವಿನ ಅಂಕಣದಲ್ಲಿದೆ. ಅದರ ಪಕ್ಕದಲ್ಲಿ, ಒಂದು ಚಿಕ್ಕ ಪೆಟ್ಟಿಗೆಯಲ್ಲಿ, ಆ ಮೂರು ನಾಲ್ಕು ಓಲೆಯ ತುಂಡುಗಳು. ಮನೆಗೆ ಬರುವ ವಿದ್ಯಾರ್ಥಿಗಳು ಏನೆಂದು ಕೇಳಿದರೆ ತೆರೆದು ಅವರ ಅಂಗೈಯಲ್ಲಿಡುತ್ತೇನೆ; ನಿಮ್ಮ ಮನೆಯಲ್ಲಿ ಇಂಥ ಗಂಟು ಇದ್ದರೆ ಈ ವಾರವೇ ಬಿಚ್ಚಿಸಿರಿ ಎನ್ನುತ್ತೇನೆ.