ಯುದ್ಧಕಾಲದಲ್ಲಿ ಸಮುದ್ರದಲ್ಲಿ ಕಣ್ಮರೆಯಾದ ಯೋಧರ ಅವಲಂಬಿತರಿಗೆ ಮಾಹಿತಿ (ಜೊಯಿಡಾ ತಾಲ್ಲೂಕು)

ಹಿನ್ನೆಲೆ: ಯುದ್ಧಕಾಲದಲ್ಲಿ ಹಡಗು, ವಿಮಾನ ಅಥವಾ ಹೆಲಿಕಾಪ್ಟರ್ ಸಮುದ್ರದ ಪಾಲಾದಾಗ ಯೋಧರ ಪಾರ್ಥಿವ ಶರೀರವು ದೊರೆಯದಿರುವುದುಂಟು. 1971ರ ಡಿಸೆಂಬರ್ 9ರಂದು ದಿಯು ಸಮೀಪದ ಅರಬ್ಬೀ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ಐ.ಎನ್.ಎಸ್. ಖುಕ್ರಿ ನೌಕೆಯು ಮುಳುಗಿ, 18 ಅಧಿಕಾರಿಗಳು ಹಾಗೂ 176 ನಾವಿಕರು ವೀರಮರಣವನ್ನಪ್ಪಿದರು. ನೌಕೆಯನ್ನು ತ್ಯಜಿಸದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಲಾಯಿತು. ಇವರೆಲ್ಲರ ಸ್ಮಾರಕವು ದಿಯುವಿನಲ್ಲಿದೆ.

ಮರಣದ ಪುರಾವೆ: ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 111ನೇ ಕಲಮಿನಂತೆ, 7 ವರ್ಷಗಳವರೆಗೆ ಆಪ್ತರಿಗೆ ಸುದ್ದಿಯೇ ತಿಳಿಯದಿದ್ದಲ್ಲಿ, ಆ ವ್ಯಕ್ತಿಯು ಬದುಕಿದ್ದಾರೆಂದು ರುಜುವಾತುಪಡಿಸುವ ಭಾರವು ಹಾಗೆ ಹೇಳುವವರ ಮೇಲಿರುತ್ತದೆ. ಯುದ್ಧದಲ್ಲಿ ಮೃತರಾದರೆಂದು ಸೇನಾ ಪ್ರಾಧಿಕಾರವು ಪತ್ರ ನೀಡಿದ್ದಲ್ಲಿ ಅದನ್ನು ಅರ್ಜಿಗೆ ಲಗತ್ತಿಸತಕ್ಕದ್ದು.

ಸೌಲಭ್ಯ: ಯುದ್ಧ ಕಾರ್ಯಾಚರಣೆಯಲ್ಲಿ ಮೃತರಾದವರ ಅರ್ಹ ಪತ್ನಿಗೆ, ಯೋಧರು ಕೊನೆಯದಾಗಿ ಪಡೆದ ಪರಿಗಣನಾರ್ಹ ವೇತನಕ್ಕೆ ಸಮನಾದ ಉದಾರೀಕೃತ ಕುಟುಂಬ ಪಿಂಚಣಿಗೆ ಅವಕಾಶವಿದೆ.

ವಿಶೇಷ ಸೂಚನೆ: 1971ರ ದಾಖಲೆಗಳಲ್ಲಿ ಜೊಯಿಡಾ ಬದಲಿಗೆ 'ಸೂಪಾ' ತಾಲ್ಲೂಕು ಎಂದೂ, ಕರ್ನಾಟಕದ ಬದಲಿಗೆ 'ಮೈಸೂರು ರಾಜ್ಯ' ಎಂದೂ ಇರಬಹುದು. ಕಾಳಿ ನದಿಯ ಸೂಪಾ ಜಲಾಶಯದಲ್ಲಿ ಸ್ವಗ್ರಾಮವು ಮುಳುಗಡೆಯಾಗಿದ್ದಲ್ಲಿ ಹಳೆಯ ಹಾಗೂ ಈಗಿನ ವಿಳಾಸಗಳೆರಡನ್ನೂ ನಮೂದಿಸತಕ್ಕದ್ದು.

ಸಲ್ಲಿಸಬೇಕಾದ ದಾಖಲೆಗಳು:
1. ಸೇವಾ ಸಂಖ್ಯೆ, ಹುದ್ದೆ ಹಾಗೂ ಘಟಕದ ವಿವರ
2. ಸೇನಾ ಪ್ರಾಧಿಕಾರದ ಪತ್ರ ಅಥವಾ ಮರಣ ಪ್ರಮಾಣಪತ್ರ
3. ವಂಶವೃಕ್ಷ ದೃಢೀಕರಣ ಪತ್ರ
4. ಗುರುತಿನ ಹಾಗೂ ಬ್ಯಾಂಕ್ ಖಾತೆಯ ದಾಖಲೆ

ಹೆಚ್ಚಿನ ಮಾಹಿತಿಗಾಗಿ ಕಾರವಾರದಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯನ್ನು ಸಂಪರ್ಕಿಸಬಹುದು.